ಬಿರಡೆ ತೆಗೆಯುವಾಗ ಮುಖ ತಿರುಗಿಸುವವಳು

ಹರ್ಮೀನ್ ವಾನ್ ಕುತ್ಸೆಮ್‌ಗೆ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ, ಏಳನೆಯ ವಯಸ್ಸಿನಲ್ಲಿ ಬಂದದ್ದು. ಬಂದದ್ದು ಮತ್ತೆ ಹೋಗಲಿಲ್ಲ. ಬ್ರಸೆಲ್ಸಿನ ಕಾಲುವೆಯ ಆಚೆ ದಂಡೆಯಲ್ಲಿ ಅವಳ ಅಪ್ಪ ರೆಮಿಗೆ ಒಂದು ಸಣ್ಣ ಬಿಯರ್ ಅಂಗಡಿಯಿತ್ತು. ಒಂದು ಬೇಸಿಗೆಯ ಮಧ್ಯಾಹ್ನ ಅವನು ನೆಲಮಾಳಿಗೆಯಿಂದ ಹುಳಿ ಬಿಯರಿನ ಬಾಟಲಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದ. ಮುಟ್ಟಿದವರಿಲ್ಲ, ತಟ್ಟಿದವರಿಲ್ಲ, ಒಂದು ಬಾಟಲಿ ತನ್ನಷ್ಟಕ್ಕೆ ಸಿಡಿಯಿತು. ಮೇಲಿನ ಮೆಟ್ಟಿಲಿನಲ್ಲಿ ಕುಳಿತು ಚೆರ್ರಿ ತಿನ್ನುತ್ತಿದ್ದ ಹುಡುಗಿ ಅದನ್ನು ಕಣ್ಣಾರೆ ಕಂಡಳು. ಅಪ್ಪನ ಎಡಗಣ್ಣು ಹೋಯಿತು. ಆದರೂ ಅವನು ಸಾಯುವವರೆಗೆ ಅದೇ ಬಿಯರ್ ಮಾರಿದ, ಅದನ್ನೇ ಕುಡಿದ. ಯಾರಾದರೂ ಕನಿಕರಪಟ್ಟರೆ "ಇನ್ನೊಂದ್ ಇದ್ಯಲ್ಲಪ್ಪ, ನಿನ್ ಮುಖ ನೋಡೋಕೆ ಅಷ್ಟು ಸಾಕು" ಎನ್ನುತ್ತಿದ್ದ. ಹೆದರಿಕೆಯಷ್ಟೂ ಮಗಳ ಪಾಲಿಗೆ ಬಂತು.

ಅಂಥವಳ ಬದುಕು ಬಾಟಲಿಗಳ ನಡುವೆಯೇ ಸವೆಯಿತು ನೋಡಿ. ನಮ್ಮ ಕಾಲುವೆ ಕಡೆ ಹೆಣ್ಣುಮಕ್ಕಳಿಗೆ ಆಗ ಸಿಗುತ್ತಿದ್ದ ಕೆಲಸವೆಂದರೆ ಬಿಸ್ಕತ್ತಿನ ಕಾರ್ಖಾನೆ, ಇಲ್ಲವೆ ಬಿಯರ್ ಮನೆ. ಕಾರ್ಖಾನೆಯ ಯಂತ್ರಗಳು ಗರಗರ ತಿರುಗುವುದನ್ನು ಬಾಗಿಲಿನಿಂದ ನೋಡಿಯೇ ಹರ್ಮೀನಳ ಕೈಕಾಲು ತಣ್ಣಗಾದವು. ಪಕ್ಕದ ಓಣಿಯಲ್ಲಿ ಜನ ‘ಜೇಡನ ಮನೆ’ ಎಂದು ಕರೆಯುವ ಬಿಯರ್ ಮನೆಗೆ ಹೋದಳು. ಅಲ್ಲಿನ ಹಿರಿಯ ಯಜಮಾನ ಪೀಪಾಯಿ ತೊಳೆಯುವ ಕೆಲಸ ಕೊಟ್ಟ. ಪೀಪಾಯಿ ಸಿಡಿಯುವುದಿಲ್ಲವೆಂದು ಅವನ ಬಾಯಿಂದ ಹೇಳಿಸಿಕೊಂಡೇ ಅವಳು ಒಳಗೆ ಕಾಲಿಟ್ಟಳಂತೆ. ಕೆಲವು ವರ್ಷಗಳಾದ ಮೇಲೆ ಅವನು ಬಾಟಲಿಗಳ ನೆಲಮಾಳಿಗೆಯ ಬೀಗದ ಕೈಯನ್ನೂ ಅವಳಿಗೇ ಒಪ್ಪಿಸಿದ. "ಧೈರ್ಯಸ್ಥರ ಕೈಗೆ ಬಾಟ್ಲಿ ಕೊಟ್ರೆ ಒಡೆದು ಹಾಕ್ತಾರೆ. ಹೆದರೋರು ಎಳೇ ಕೂಸನ್ನ ಎತ್ಕೊಂಡ ಹಾಗೆ ಎತ್ಕೋತಾರೆ" ಎಂಬುದು ಅವನ ಲೆಕ್ಕಾಚಾರ. ಬೇಡವೆನ್ನುವುದಕ್ಕೂ ಹರ್ಮೀನಳಿಗೆ ಹೆದರಿಕೆಯಾಯಿತು, ಹಾಗಾಗಿ ಒಪ್ಪಿಕೊಂಡಳು.

ಜೇಡನ ಮನೆಯಲ್ಲಿ ಬಲೆ ಗುಡಿಸುವಂತಿಲ್ಲ, ಗೋಡೆಗೆ ಸುಣ್ಣ ಬಳಿಯುವಂತಿಲ್ಲ. ಚಳಿಗಾಲದಲ್ಲಿ ಕುದಿಸಿದ ಬಾರ್ಲಿ ರಸವನ್ನು ಅಟ್ಟದ ಮೇಲಿನ ಅಗಲವಾದ ತಾಮ್ರದ ತೊಟ್ಟಿಯಲ್ಲಿ ತೆರೆದಿಡುತ್ತಾರೆ. ಅದಕ್ಕೆ ಯಾರೂ ಹೆಪ್ಪು ಹಾಕುವುದಿಲ್ಲ. ಗಾಳಿಯಲ್ಲಿ ಏನು ತೇಲಿ ಬರುತ್ತದೋ ಅದೇ ಹುಳಿ ಹಿಡಿಸಬೇಕು. ಆಮೇಲೆ ಪೀಪಾಯಿಗಳಲ್ಲಿ ಒಂದೆರಡು ವರ್ಷ ಮಲಗಿದ ಹಳೆಯ ಬಿಯರಿಗೆ ಎಳೆಯದನ್ನು ಬೆರೆಸಿ ಬಾಟಲಿಗೆ ತುಂಬುತ್ತಾರೆ. ಎಳೆಯದರಲ್ಲಿ ಉಳಿದಿರುವ ಸಿಹಿಯೇ ಒಳಗೆ ನೊರೆಯಾಗುವುದು. ಸಿಹಿ ಕಡಿಮೆಯಾದರೆ ಬಿಯರು ಚಪ್ಪೆ. ಹೆಚ್ಚಾದರೆ ರೆಮಿಯ ಎಡಗಣ್ಣು.

ಹರ್ಮೀನ್ ನೆಲಮಾಳಿಗೆಗೆ ಇಳಿಯುವಾಗ ವೆಲ್ಡಿಂಗ್ ಮಾಡುವವರ ಮುಖವಾಡ ಹಾಕಿಕೊಂಡು ಇಳಿಯುತ್ತಿದ್ದಳು. ಹಿರಿಯ ಯಜಮಾನ ತೀರಿಕೊಂಡ ಮೇಲೆ ಮಗ ಗೊಮ್ಮಾರ್ ಯಜಮಾನನಾದ. ಅವನು ದಿನಾ ಅವಳನ್ನು ರೇಗಿಸಲೇಬೇಕು. "ಏನ್ ಮಾರಾಯ್ತಿ, ಇವತ್ತು ಯಾವ ಹಡಗಿಗೆ ಬೆಸುಗೆ?" ಎನ್ನುತ್ತಿದ್ದ. ಅವಳು ಮುಖವಾಡದೊಳಗಿನಿಂದಲೇ "ನಿಮ್ ಬಾಯಿಗೆ" ಎಂದು ಹೇಳಿ ಇಳಿದು ಹೋಗುತ್ತಿದ್ದಳು. ಹೀಗೆ ಅವಳಿಗೆ ಅರವತ್ತು ದಾಟಿತು.

ಶನಿವಾರಗಳಂದು ಊರಿನವರು, ಪರವೂರಿನವರು ಬಿಯರಿನ ರುಚಿ ನೋಡಲು ಬರುತ್ತಾರೆ. ಪೀಪಾಯಿಗಳ ನಡುವೆ ಉದ್ದನೆಯ ಮೇಜು, ಮೇಲೆ ಬ್ರೆಡ್ಡು, ಬೆಣ್ಣೆಯಂತೆ ಸವರುವ ಬಿಳಿ ಚೀಸು, ಕೆಂಪು ಮೂಲಂಗಿ. ಬಡಿಸುವವಳು ಹರ್ಮೀನ್. ಮೊದಲು ಮಣ್ಣಿನ ಹೂಜಿಯಿಂದ ನೊರೆಯಿಲ್ಲದ ಹಳೆಯ ಬಿಯರು, ಅದನ್ನು ಕುಡಿದು ಹೊಸಬರು ಮುಖ ಹುಳ್ಳಗೆ ಮಾಡಿಕೊಳ್ಳುವುದು, ಆಮೇಲೆ ಎಳೆಯದು, ಕೊನೆಗೆ ಎರಡೂ ಬೆರೆತ ದೊಡ್ಡ ಬಾಟಲಿ. ಅದರ ಬಿರಡೆ ತೆಗೆಯುವ ಮೊದಲು ಹರ್ಮೀನ್ ಮುಖವನ್ನು ಎಡಗಡೆ ಗೋಡೆಯತ್ತ ತಿರುಗಿಸುತ್ತಿದ್ದಳು. ಹೆದರಿಕೆ, ಇನ್ನೇನಲ್ಲ. ಬಂದವರು ಮಾತ್ರ ಅದನ್ನು ಆ ಮನೆಯ ಹಳೇ ಪದ್ಧತಿಯೆಂದು ತಿಳಿದರು. ಒಬ್ಬ ತಿರುಗಿದ, ಪಕ್ಕದವನೂ ತಿರುಗಿದ. ಯಾರೋ ಅದನ್ನು ಎಲ್ಲೋ ಬರೆದೂ ಹಾಕಿದರು. ಅಲ್ಲಿಂದ ಮುಂದೆ ಅವಳು ಬಿರಡೆಗೆ ಕೈಯಿಟ್ಟರೆ ಸಾಕು, ಮೇಜಿನ ಸುತ್ತ ಕುಳಿತವರೆಲ್ಲ ದೇವರ ಮುಂದೆ ನಿಂತಷ್ಟು ಗಂಭೀರವಾಗಿ ಗೋಡೆ ನೋಡತೊಡಗಿದರು. ಗೊಮ್ಮಾರ್ ಪೀಪಾಯಿಯ ಮರೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆ ವರ್ಷ ಚಳಿ ಹಿಂದೆ ಸರಿಯಲು ತಡಮಾಡಿತು, ಎಳೆಯ ಬಿಯರು ಹುಳಿ ಹಿಡಿಯುವುದೂ ತಡವಾಯಿತು. ಏಪ್ರಿಲ್ ತಿಂಗಳಲ್ಲಿ ಗೊಮ್ಮಾರ್ ಹಳೆಯದು ಎಳೆಯದು ಬೆರೆಸಿ, ಒಂದು ಲೋಟ ಅವಳಿಗೂ ಕೊಟ್ಟ.

"ಸಿಹಿ ಇದೆ" ಎಂದಳು ಹರ್ಮೀನ್.

"ನಿಂಗೆ ಯಾವಾಗ ಇರಲಿಲ್ಲ ಹೇಳು. ಹೋದ ವರ್ಷಾನೂ ಸಿಹಿ ಅಂದೆ, ಅದರ ಹಿಂದಿನ ವರ್ಷಾನೂ ಅಂದೆ. ಚರ್ಚಿನ ತೀರ್ಥ ಕೊಟ್ರೂ ಸಿಡಿಯತ್ತೆ ಅಂತೀಯ."

ಅದು ಸುಳ್ಳಲ್ಲ. ಹೇಳಿದ್ದಳು, ಪ್ರತಿ ವರ್ಷವೂ ಹೇಳಿದ್ದಳು, ಒಂದು ಬಾಟಲಿಯೂ ಸಿಡಿದಿರಲಿಲ್ಲ. ಹೆದರುವವರ ದೊಡ್ಡ ಕಷ್ಟ ಇದೇ: ಊರು ಅವರ ಮಾತು ನಂಬುವುದನ್ನು ಬಿಟ್ಟ ಮೇಲೆ ಕೊನೆಗೆ ಅವರೂ ಬಿಡುತ್ತಾರೆ. ಹರ್ಮೀನ್ ಇನ್ನೊಂದು ಗುಟುಕು ಕುಡಿದು ನೋಡಿದಳು. ಸಿಹಿ ಇತ್ತು. "ನನ್ ನಾಲಗೆಗೂ ವಯಸ್ಸಾಯ್ತು ಬಿಡಿ" ಎಂದು ಲೋಟ ತೊಳೆದಿಟ್ಟಳು. ಗೊಮ್ಮಾರ್ ಅದನ್ನು ಬಾಟಲಿಗಳಿಗೆ ತುಂಬಿಸಿದ.

ಮೇ ತಿಂಗಳ ಒಂದು ಶನಿವಾರ ಮಳೆಗೆ ಸಿಕ್ಕಿ ತೊಯ್ದ ಗಂಡ ಹೆಂಡಿರಿಬ್ಬರು ಹೇಳದೆ ಕೇಳದೆ ಒಳಗೆ ಬಂದರು. ಅವನು ಬವೊ, ಅವಳು ಯೊರಿನ್. ಅವಳಿಗೆ ತುಂಬಿದ ಬಸುರು. ಕುಡಿಯುವಂತಿಲ್ಲ, ಆದರೂ ಪ್ರತಿ ಲೋಟವನ್ನೂ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸಿ, ಗಂಡನ ಕಡೆ ತಳ್ಳುತ್ತಿದ್ದಳು. "ಅಜ್ಜಿ ಮನೆ ಸೇಬಿನ ಕೋಣೆ ವಾಸ್ನೆ" ಎಂದಳು ಒಂದಕ್ಕೆ. ಹರ್ಮೀನಳಿಗೆ ಆ ಹುಡುಗಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಮನೆಯೆಲ್ಲಿ ಎಂದು ಕೇಳಿದಳು. "ಟ್ರಾಮ್ ಕೊನೇ ನಿಲ್ದಾಣದ ಹತ್ರ ಮೇಡಮ್. ಅದು ತಿರುಗೋವಾಗೆಲ್ಲ ನಮ್ ಕಪಾಟಿನ ಲೋಟಗಳು ಗಲಗಲ ಅಂತವೆ. ಮಗು ಹೊಟ್ಟೇಲಿದ್ದಾಗ್ಲೇ ಅಭ್ಯಾಸ ಮಾಡ್ಕೊಂಡಿದೆ" ಎಂದು ಯೊರಿನ್ ನಕ್ಕಳು.

ದೊಡ್ಡ ಬಾಟಲಿ ಬಂತು. ಹರ್ಮೀನ್ ಗೋಡೆಯತ್ತ ತಿರುಗಿದಳು, ಮೇಜು ಪೂರ್ತಿ ತಿರುಗಿತು. ಆಗ ಯೊರಿನ್ ಕೇಳಿದಳು: "ಯಾಕೆ ಮೇಡಮ್ ಹೀಗೆ? ಏನರ್ಥ ಇದಕ್ಕೆ?"

ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಹರ್ಮೀನ್ ಆ ಹೊತ್ತು ಹೇಳಿಬಿಟ್ಟಳು. "ಅರ್ಥಾನೂ ಇಲ್ಲ, ಮಣ್ಣೂ ಇಲ್ಲ ಕಣಮ್ಮ. ನಂಗೆ ಹೆದರಿಕೆ. ನಮ್ಮಪ್ಪನ ಕಣ್ಣು ಹೋದಾಗಿಂದ ಹೆದರಿಕೆ. ನೀವೆಲ್ಲ ಸುಮ್ನೆ ಒಬ್ಳು ಮುದುಕಿ ಜೊತೆ ಹೆದರ್ತಾ ಇದೀರ."

ಇಡೀ ಮೇಜು ಗೊಳ್ಳೆಂದು ನಕ್ಕಿತು, ಹರ್ಮೀನಳೂ ನಕ್ಕಳು. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಅವತ್ತು ಬಿರಡೆಯನ್ನು ನೇರ ನೋಡುತ್ತಲೇ ತೆಗೆದಳು, ಏನೂ ಆಗಲಿಲ್ಲ. ಹೊಸ ಧೈರ್ಯಕ್ಕೆ ಕೈ ಸುಮ್ಮನಿರಬೇಕಲ್ಲ. ಮುಖವಾಡವಿಲ್ಲದೆ ನೆಲಮಾಳಿಗೆಗೆ ಇಳಿದಳು. ಗೊಮ್ಮಾರ್ ಇನ್ನೂ ಮಾರಾಟಕ್ಕೆ ಬಿಡದಿದ್ದ ಏಪ್ರಿಲ್ಲಿನ ಸಾಲಿನಿಂದ ಒಂದು ಬಾಟಲಿ ತಂದು ಯೊರಿನ್‌ಳ ಕೈಯಲ್ಲಿಟ್ಟಳು. "ಮಗು ಹುಟ್ಟಿದ ಮೇಲೆ ನೆಂಟರ ಮುಂದೆ ತೆಗೀರಿ. ಅಲ್ಲೀವರೆಗೆ ಬೆಚ್ಚಗಿರೋ ಕಡೆ ಇಟ್ಟಿರಿ, ನೊರೆ ಚೆನ್ನಾಗಿ ಕಟ್ಟತ್ತೆ. ಮುಖ ಗಿಖ ತಿರುಗಿಸೋದೇನೂ ಬೇಡ" ಎಂದಳು.

ಜೂನ್ ತಿಂಗಳಲ್ಲಿ ಸೆಕೆ ಬಂತು. ಒಂದು ಸೋಮವಾರ ಬೆಳಗ್ಗೆ ಬೀಗ ತೆಗೆಯುವ ಮೊದಲೇ ಹರ್ಮೀನಳ ಮೂಗಿಗೆ ಚೆಲ್ಲಿದ ಬಿಯರಿನ ವಾಸನೆ ಬಡಿಯಿತು. ಕೆಳಗೆ ಏಪ್ರಿಲ್ಲಿನ ಸಾಲಿನಲ್ಲಿ ಎರಡು ಬಾಟಲಿಗಳಿದ್ದ ಜಾಗ ಖಾಲಿಯಾಗಿತ್ತು. ಗಾಜಿನ ಚೂರು ಎದುರುಗೋಡೆಯ ಇಟ್ಟಿಗೆಯ ಸಂದಿಗೆ ಹೊಕ್ಕಿತ್ತು. ಅವಳು ನೋಡುತ್ತ ನಿಂತಿದ್ದಂತೆಯೇ ಮೂರನೆಯದು ಸಿಡಿಯಿತು.

ಸದ್ದಿಗೆ ಗೊಮ್ಮಾರ್ ಮೆಟ್ಟಿಲ ಮೇಲೆ ಬಂದು ನಿಂತ. ಅವನ ಮುಖ ಸುಣ್ಣವಾಗಿತ್ತು. "ಸಿಹಿ ಇದೆ ಅಂದಿದ್ದೆ ನೀನು" ಎಂದ.

"ಒಂದು ಬಾಟ್ಲಿ ಹೊರಗೆ ಹೋಗಿದೆ" ಎಂದಳು ಹರ್ಮೀನ್. "ಬಸುರಿ ಹುಡುಗಿ ಕೈಲಿ ಕೊಟ್ಟಿದೀನಿ. ಬೆಚ್ಚಗಿಡು ಅಂದಿದೀನಿ. ನೇರ ನೋಡ್ಕೊಂಡು ತೆಗಿ ಅಂದಿದೀನಿ."

ಗೊಮ್ಮಾರ್ ಬಾಗಿಲಿಗೆ ಸೂಚನೆ ಅಂಟಿಸಿದ, ಇಂಟರ್ನೆಟ್ಟಿನಲ್ಲೂ ಹಾಕಿಸಿದ. ಹೆಸರು ಬರೆಸದೆ ಮಳೆಯಲ್ಲಿ ಬಂದುಹೋದವರು ಅದನ್ನೆಲ್ಲಿ ನೋಡುತ್ತಾರೆ? ಹರ್ಮೀನಳ ಕೈಯಲ್ಲಿದ್ದದ್ದು ಒಂದೇ ಸುಳಿವು. ಕೆಲಸ ಮುಗಿದ ಮೇಲೆ ಅವಳು ದಿನಾ ಟ್ರಾಮ್ ಹತ್ತಿ ಕೊನೆಯ ನಿಲ್ದಾಣಕ್ಕೆ ಹೋದಳು. ಚೀಲದಲ್ಲಿ ಮುಖವಾಡ. ಟ್ರಾಮು ಹಳಿಯ ಮೇಲೆ ಕಿರ್ರೆಂದು ತಿರುಗುವಾಗ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಇಲ್ಲೇ ಎಲ್ಲೋ ಒಂದು ಕಪಾಟಿನಲ್ಲಿ ಆ ಬಾಟಲಿಯೂ ಈಗ ನಡುಗುತ್ತಿದೆ. ಇಕ್ಕೆಲದ ಮನೆಗಳು ಒಂದಕ್ಕೊಂದು ಅಂಟಿಕೊಂಡು ಮೂರು ನಾಲ್ಕು ಅಂತಸ್ತು ಎದ್ದಿದ್ದವು. ಅವಳು ಗಂಟೆಗಳನ್ನು ಒತ್ತಿ ಕೇಳಿದಳು. ಕೆಲವರು ಬಾಗಿಲು ತೆರೆಯಲಿಲ್ಲ. ಒಬ್ಬ "ಬಿಯರ್ ಬಾಂಬಾ? ನನ್ ಅತ್ತೆ ವಿಳಾಸ ಕೊಡ್ಲಾ?" ಎಂದು ಕೇಳಿ ಬಾಗಿಲು ಹಾಕಿಕೊಂಡ.

ಆಮೇಲೆ ಅವಳು ಕಿಟಕಿಗಳನ್ನು ನೋಡತೊಡಗಿದಳು. ನಮ್ಮಲ್ಲಿ ಮಗು ಹುಟ್ಟಿದ ಮನೆಯ ಕಿಟಕಿಗೆ ಮರದ ಕೊಕ್ಕರೆ ಕಟ್ಟುತ್ತಾರೆ, ಅದರ ಕೊಕ್ಕಿನಲ್ಲಿ ಕೂಸಿನ ಹೆಸರು. ಕೊಕ್ಕರೆ ಕಾಣದಿದ್ದರೆ ಒಂದು ಸಮಾಧಾನ: ಇನ್ನೂ ಹೆರಿಗೆಯಾಗಿಲ್ಲ, ಬಾಟಲಿ ತೆಗೆದಿಲ್ಲ. ಮರುಗಳಿಗೆ ಇನ್ನೊಂದು ಭಯ: ತೆಗೆಯದಿದ್ದರೇನು, ಅಪ್ಪನ ಬಾಟಲಿಯನ್ನು ತೆಗೆದವರು ಯಾರಿದ್ದರು? ರಾತ್ರಿ ಮಲಗಿದರೆ ಯೊರಿನ್ ಕಣ್ಣು ಮುಚ್ಚಿ ಲೋಟ ಮೂಸುತ್ತಿದ್ದ ಮುಖವೇ ಎದುರಿಗೆ ಬರುತ್ತಿತ್ತು, ಕಣ್ಣು ಮಾತ್ರ ತೆರೆಯುತ್ತಿರಲಿಲ್ಲ.

ಜುಲೈ ಮೊದಲ ಭಾನುವಾರ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮೂರನೆಯ ಅಂತಸ್ತಿನಲ್ಲಿ ಕೊಕ್ಕರೆ ಕಂಡಿತು. ಕೊಕ್ಕಿನಲ್ಲಿ ‘ಓಡಿಲ್’ ಎಂಬ ಹೆಸರು. ಕೆಳಗಿನ ಬಾಗಿಲು ಹಾರುಹೊಡೆದಿತ್ತು, ಉಡುಗೊರೆ ಹಿಡಿದ ಇಬ್ಬರು ಹೆಂಗಸರು ಒಳಗೆ ಹೋಗುತ್ತಿದ್ದರು. ಹರ್ಮೀನ್ ಅವರನ್ನು ತಳ್ಳಿಕೊಂಡೇ ಮೆಟ್ಟಿಲು ಹತ್ತಿದಳು.

ಕೋಣೆ ತುಂಬ ನೆಂಟರು. ಮೇಜಿನ ಮೇಲೆ ಸಕ್ಕರೆ ಲೇಪಿಸಿದ ಬಾದಾಮಿಯ ತಟ್ಟೆಗಳು, ಸಾಲಾಗಿ ಲೋಟಗಳು. ನಡುವೆ ಬವೊ ಬಾಟಲಿ ಹಿಡಿದು ನಿಂತಿದ್ದ, ಹೆಬ್ಬೆರಳು ಬಿರಡೆಯ ಮೇಲಿನ ತಂತಿಗೆ ಹೋಗಿತ್ತು. ಸುತ್ತಲಿದ್ದವರೆಲ್ಲ ಎಡಗಡೆಯ ಗೋಡೆಗೆ ಮುಖ ಮಾಡಿ ಕಿಸಿಕಿಸಿ ನಗುತ್ತ ಕಾಯುತ್ತಿದ್ದರು. ಬೇಡವೆಂದಿದ್ದರೂ ಯೊರಿನ್ ಆ ಪದ್ಧತಿಯನ್ನು ಮನೆಗೆ ತಂದಿದ್ದಳು. ಬವೊ ಮಾತ್ರ ತಂತಿ ಕಾಣಬೇಕೆಂದು ಬಾಟಲಿಯ ಮೇಲೆ ಬಾಗಿದ್ದ.

"ಅಲ್ಲಾಡ್ಬೇಡ" ಎಂದಳು ಹರ್ಮೀನ್. ದನಿ ಅವಳಿಗೇ ಗುರುತು ಸಿಗಲಿಲ್ಲ. "ತಂತಿ ಬಿಡು. ನನ್ ಕೈಗೆ ಕೊಡು, ಮೆಲ್ಲಗೆ. ಅದು ಸಿಡಿಯತ್ತೆ."

ಬವೊ ಕಕ್ಕಾಬಿಕ್ಕಿಯಾಗಿ ಕೊಟ್ಟ. ಬಾಟಲಿ ಬೆಚ್ಚಗಿತ್ತು. ತೊಟ್ಟಿಲಿನ ಪಕ್ಕದ ಬಿಸಿಲು ಬೀಳುವ ಹಲಗೆಯ ಮೇಲೆ ಇಟ್ಟಿದ್ದೆವು, ಬೆಚ್ಚಗಿಡಿ ಅಂದಿದ್ದಿರಲ್ಲ ಎಂದು ಯೊರಿನ್ ಒಳಕೋಣೆಯ ಬಾಗಿಲಲ್ಲಿ ಕೂಸನ್ನು ಹಿಡಿದುಕೊಂಡು ಹೇಳುತ್ತಿದ್ದಳು. ಹರ್ಮೀನ್ ಬಾಟಲಿಯನ್ನು ತನ್ನ ಉಣ್ಣೆಯ ಮೇಲಂಗಿಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡಳು. ಮುಖವಾಡ ಹೆಗಲಿನ ಚೀಲದಲ್ಲಿತ್ತು. ಅದನ್ನು ತೆಗೆದು ಹಾಕಿಕೊಳ್ಳಲು ಕೈ ಖಾಲಿ ಇರಲಿಲ್ಲ, ಇನ್ನೊಬ್ಬರನ್ನು ಹತ್ತಿರ ಕರೆಯುವಂತೆಯೂ ಇರಲಿಲ್ಲ.

ಮೆಟ್ಟಿಲು ಕಡಿದಾಗಿತ್ತು, ಕತ್ತಲಾಗಿತ್ತು. ಅವಳ ಕತ್ತು ತಾನಾಗಿ ಎಡಕ್ಕೆ ತಿರುಗಿತು. ತಿರುಗಿದರೆ ಮೆಟ್ಟಿಲು ಕಾಣುವುದಿಲ್ಲ. ಎಡವಿದರೆ ಮುಗಿಯಿತು. ಹರ್ಮೀನ್ ಮುಖವನ್ನು ಮತ್ತೆ ನೇರ ಮಾಡಿಕೊಂಡು, ಗಲ್ಲಕ್ಕೆ ತಾಗುವ ಬಿರಡೆಯನ್ನು ನೋಡುತ್ತ ಒಂದೊಂದೇ ಹೆಜ್ಜೆ ಇಳಿದಳು. ಅಪ್ಪ ಹತ್ತಿದ್ದ, ನಾನು ಇಳಿಯುತ್ತಿದ್ದೇನೆ, ಅಷ್ಟೇ ವ್ಯತ್ಯಾಸ ಎಂದುಕೊಂಡಳು. ಅಷ್ಟರಲ್ಲಿ ಹೊರಗೆ ಟ್ರಾಮು ತಿರುಗಿತು, ಗೋಡೆಯೆಲ್ಲ ಅದುರಿತು. ಅವಳು ನಿಂತು, ಅದು ಹೋಗುವವರೆಗೆ ಉಸಿರು ಬಿಡದೆ ಕಾದಳು.

ಹಿತ್ತಿಲಿನ ಅಂಗಳದಲ್ಲಿ ಬೂದಿ ಹಾಕುವ ತಗಡಿನ ದೊಡ್ಡ ಡಬ್ಬಿ ಇತ್ತು. ಅದರೊಳಗೆ ಮೇಲಂಗಿ ಸಮೇತ ಬಾಟಲಿ ಮಲಗಿಸಿ, ಮುಚ್ಚಳ ಮುಚ್ಚಿ, ಹಿಂದಕ್ಕೆ ಸರಿದು ಬಾಗಿಲಿಗೆ ಒರಗಿದಳು. ನೆಂಟರು ಒಬ್ಬೊಬ್ಬರಾಗಿ ಇಳಿದು ಅವಳ ಹಿಂದೆ ಗುಂಪು ಕಟ್ಟಿದರು.

ಏನೂ ಆಗಲಿಲ್ಲ. ಪಕ್ಕದ ಮನೆಯ ರೇಡಿಯೋ ಹಾಡುತ್ತಿತ್ತು. ಒಂದು ಪಾರಿವಾಳ ಬಂದು ಡಬ್ಬಿಯ ಮೇಲೆ ಕುಳಿತು ಹಾರಿಹೋಯಿತು.

ಬವೊನ ತಾಯಿ ಗಿಲೇನ್ ಎಂಬ ದಪ್ಪ ಮುತ್ತಿನ ಸರದ ಹೆಂಗಸು "ಪಾಪ, ಬಾಂಬಿಗೆ ನಿದ್ದೆ ಬಂತು ಅಂತ ಕಾಣತ್ತೆ" ಎಂದಳು. ಯಾರೋ ನಕ್ಕರು. "ಆ ಮೇಡಮ್ಮೇ ಹೇಳಿದ್ರಂತಲ್ಲ, ತನಗೆ ಹೆದರೋ ರೋಗ ಅಂತ" ಎಂದು ಗಿಲೇನ್ ಸೇರಿಸಿದಳು.

ಹರ್ಮೀನಳ ಕಿವಿ ಬಿಸಿಯಾಯಿತು. ಬಾಟಲಿಗಿಂತ ದೊಡ್ಡ ಹೆದರಿಕೆ ಈಗ ಬಂತು. ಇದೂ ಸುಳ್ಳಾದರೆ? ಎಲ್ಲ ಬಾಟಲಿಗಳೂ ಸಿಡಿದಿರಲಿಲ್ಲ, ಇದು ಒಳ್ಳೆಯದೇ ಇರಬಹುದು. ಒಂದು ಕೂಸಿನ ಸಂಭ್ರಮಕ್ಕೆ ಬಂದು ಕಲ್ಲು ಹಾಕಿದೆನೇ? ‘ಕ್ಷಮಿಸಿ, ನನ್ನದೇ ತಪ್ಪು’ ಎಂಬ ಮಾತು, ಜೀವಮಾನವೆಲ್ಲ ಹೇಳಿ ರೂಢಿಯಾದ ಮಾತು, ನಾಲಗೆಯ ತುದಿಗೆ ಬಂದಿತ್ತು.

"ಲೋಟಗಳು ಕಾಯ್ತಿವೆ, ತಗೊಂಡು ಬರ್ತೀನಿ ಬಿಡಿ" ಎಂದು ಬವೊ ಅಂಗಳಕ್ಕೆ ಹೆಜ್ಜೆಯಿಟ್ಟ.

ಹರ್ಮೀನ್ ಅವನ ಅಂಗಿಯ ತೋಳು ಹಿಡಿದಳು.

"ಬಿಡಿ ಮೇಡಮ್. ಟವೆಲ್ ಸುತ್ಕೊಂಡು ಎತ್ತೀನಿ."

"ಬಿಡಲ್ಲ."

"ಎಲ್ರೂ ನೋಡ್ತಿದಾರೆ."

"ನೋಡ್ಲಿ. ನಂಗೆ ಹೆದರಿಕೆ ಆಗ್ತಿದೆ, ನೀನು ಹೋಗಕೂಡ್ದು."

ಅವನು ಎಳೆದ, ಅಂಗಿಯ ಹೊಲಿಗೆ ಪರ್ರೆಂದಿತು. ಅವಳು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಕಾಲು ಕೊಟ್ಟು ನಿಂತಳು. ಗಿಲೇನ್ ಏನೋ ಹೇಳಲು ಬಾಯಿ ತೆರೆದಳು. ಆಗ ಡಬ್ಬಿ ನೆಲದಿಂದ ಎದ್ದಿತು.

ಸದ್ದು ಅಂಗಳದ ನಾಲ್ಕು ಗೋಡೆಗೂ ಬಡಿದು ವಾಪಸು ಬಂತು. ಮುಚ್ಚಳ ಪಕ್ಕದ ಮನೆಯ ಹಂಚಿನ ಮೇಲೆ ಬಿದ್ದು ಉರುಳಿತು. ಬೂದಿ ಇಳಿದ ಮೇಲೆ ನೋಡಿದರೆ ಡಬ್ಬಿಯ ಹೊಟ್ಟೆ ಸೀಳಿತ್ತು, ಸೈಕಲ್ ಶೆಡ್ಡಿನ ಮರದ ಬಾಗಿಲಲ್ಲಿ, ಬಾಗಿ ನಿಂತವನ ಮುಖದ ಎತ್ತರಕ್ಕೆ, ಹಸಿರು ಗಾಜು ನಾಟಿಕೊಂಡು ಹೊಳೆಯುತ್ತಿತ್ತು. ಮೂರನೆಯ ಅಂತಸ್ತಿನಲ್ಲಿ ಕೂಸು ಚೀರಿ ಅಳತೊಡಗಿತು. ಹರ್ಮೀನ್ ಇನ್ನೂ ಬವೊನ ತೋಳು ಬಿಟ್ಟಿರಲಿಲ್ಲ. ಅವನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆಮೇಲೆ ಆ ಕೈಯನ್ನೇ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಗೊಮ್ಮಾರ್ ಆ ವಾರ ಇನ್ನೊಂದು ಮುಖವಾಡ ಕೊಂಡು ತಂದ. ಇಬ್ಬರೂ ಸೇರಿ ಏಪ್ರಿಲ್ಲಿನ ಬಾಟಲಿಗಳನ್ನೆಲ್ಲ ಖಾಲಿ ಮಾಡಿದರು. ಹಡಗಿನ ಮಾತು ಅವನು ಎತ್ತಲಿಲ್ಲ.

ಶನಿವಾರ ಮೇಜಿನ ಸುತ್ತ ಹೊಸ ಜನ ಕುಳಿತಿದ್ದರು. ಹರ್ಮೀನ್ ಹಿಂದಿನ ವರ್ಷದ ಬಾಟಲಿ ತಂದಿಟ್ಟು ಗೋಡೆಯತ್ತ ತಿರುಗಿದಳು. ಎದುರಿಗೆ ಕುಳಿತಿದ್ದ ಕೆಂಪು ಗಡ್ಡದವನು "ಇದು ಈ ಮನೆ ಪದ್ಧತಿಯಂತೆ, ಹೌದಾ ಮೇಡಮ್?" ಎಂದು ಕೇಳಿದ. ಪೀಪಾಯಿಯ ಪಕ್ಕದಲ್ಲಿ ನಿಂತಿದ್ದ ಗೊಮ್ಮಾರ್ ಆಗಲೇ ಗೋಡೆಗೆ ಮುಖ ಮಾಡಿದ್ದ.

"ಹೌದು, ಪದ್ಧತಿ" ಎಂದಳು ಹರ್ಮೀನ್. "ತಿರುಗಪ್ಪ."

ಕೆಂಪು ಗಡ್ಡದವನು ತಿರುಗಿದ. ಎಲ್ಲರೂ ತಿರುಗಿದ್ದಾರೆಂದು ಅವಳು ಮೇಜಿನ ಈ ತುದಿಯಿಂದ ಆ ತುದಿಯವರೆಗೆ ನೋಡಿಕೊಂಡಳು, ಆಮೇಲೆ ಬಿರಡೆ ತೆಗೆದಳು.